ಹೆಸರು ಕೆತ್ತದ ಗಡಿಯಾರ

ಬಂಧುಗಳೇ, ಸಲಾಮ್. ಮುಂದಿನ ಸಾಲಿನಲ್ಲಿ ಕೂತಿರುವ ಕುಬಾತ್ ಅಣ್ಣನಿಗೆ, ಅವರ ಮಕ್ಕಳಿಗೆ, ಸೊಸೆಗೆ, ಮೊಮ್ಮಕ್ಕಳಿಗೆ, ನರೀನ್‌ನಿಂದ ಕಣಿವೆ ದಾಟಿ ಬಂದ ತವರಿನವರಿಗೆ, ಈ ಸೇವಾಭವನದಲ್ಲಿ ನನ್ನ ಜೊತೆ ಅಂಗಡಿ ಇಟ್ಟುಕೊಂಡಿರುವ ಎಲ್ಲರಿಗೂ ತಲೆಬಾಗಿ ವಂದಿಸುತ್ತೇನೆ. ನಿಮ್ಮ ದುಃಖ ನಮ್ಮದೂ ಹೌದು. ಇಷ್ಟು ಜನ ಬಂದಿದ್ದೀರಿ — ಮೆಟ್ಟಿಲ ಮೇಲೂ ನಿಂತಿದ್ದೀರಿ — ನೋಡಿ ಎದೆ ತುಂಬಿ ಬಂತು.

ನಾನು ಯೂನುಸ್. ಕೆಳಗಡೆ, ಬಾಗಿಲು ದಾಟಿದ ಕೂಡಲೇ ಬಲಗಡೆಗಿರುವ ಗಾಜಿನ ಗೂಡಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುವವನು. ಕಾರಾಕೋಲ್‌ನಲ್ಲಿ ಗಡಿಯಾರ ಕಟ್ಟಿದವರೆಲ್ಲ ಒಂದಲ್ಲ ಒಂದು ದಿನ ನನ್ನ ಹತ್ತಿರ ಬಂದು "ಇದು ಯಾಕೋ ಹಿಂದೆ ಬೀಳ್ತಾ ಇದೆ, ಯೂನುಸ್" ಅಂದವರೇ. ಆ ಗೂಡಂಗಡಿಯ ಅರ್ಧ ನನ್ನದು. ಇನ್ನರ್ಧ, ಇವತ್ತು ನಾವೆಲ್ಲ ನೆನೆಯಲು ಸೇರಿರುವ ಅನಾರ್‌ಕುಲ್ ಅಕ್ಕನದು. ನಾನು ಗಡಿಯಾರದ ಹೊಟ್ಟೆ ನೋಡುವವನು, ಅಕ್ಕ ಅದರ ಬೆನ್ನಿನ ಮೇಲೆ ಅಕ್ಷರ ಕೆತ್ತುವವರು. ನಮ್ಮಿಬ್ಬರ ನಡುವೆ ಒಂದು ಗಾಜು, ಗಾಜಿನಲ್ಲೊಂದು ಕಿಟಕಿ. ಆ ಕಿಟಕಿಯಲ್ಲಿ ಗಡಿಯಾರ ದಾಟಿತು, ಚಹಾ ದಾಟಿತು, ಬೈಗುಳ ದಾಟಿತು. ನನ್ನ ಪ್ರಾಯವೆಲ್ಲ ಆ ಕಿಟಕಿಯ ಈಚೆಗೇ ಕಳೆಯಿತು.

ಸಭೆ ಶುರುವಾಗುವ ಮುಂಚೆ ಕುಬಾತ್ ಅಣ್ಣ ನನ್ನನ್ನು ಮೂಲೆಗೆ ಕರೆದು ಹೇಳಿದ್ದಾರೆ. "ಯೂನುಸ್, ಎರಡು ಮಾತಾಡು. ಆದರೆ ಕಿರುಚಬೇಡ. ಕೈ ಬೀಸಬೇಡ. ಇದು ಮದುವೆಮನೆ ಅಲ್ಲ." — ಅಣ್ಣ, ಕ್ಷಮಿಸಬೇಕು. ನಿಮ್ಮ ಹೆಂಡತಿಯ ಬಗ್ಗೆ ಮೆಲುದನಿಯಲ್ಲಿ ಮಾತಾಡೋದು ನನ್ನಿಂದ ಆಗದ ಕೆಲಸ. ಆಕೆಯ ವಿಷಯ ತೆಗೆದರೆ ನನಗೆ ಹುರುಪು ಏರುತ್ತದೆ. ಕೈ ಕಟ್ಟಿಹಾಕಿದರೆ ಬಾಯಿ ಇನ್ನೂ ಜೋರಾಗುತ್ತದೆ. ಬಿಟ್ಟುಬಿಡಿ.

ಇಲ್ಲಿರುವವರಲ್ಲಿ ಎಷ್ಟು ಜನರ ಮಣಿಕಟ್ಟಿನ ಮೇಲೆ ಅಕ್ಕನ ಅಕ್ಷರ ಇದೆಯೋ! ತೋರಿಸಿ, ಎತ್ತಿ ತೋರಿಸಿ — ಆಹಾ, ನೋಡಿ, ನೋಡಿ! ಹಿಂದೆ ಕೂತವರೂ ಎತ್ತಿ! ಮದುವೆಗೆ ಕೊಟ್ಟದ್ದು, ಸೈನ್ಯದಿಂದ ಬಂದಾಗ ಅಪ್ಪ ಕೊಟ್ಟದ್ದು, ಅರವತ್ತಕ್ಕೆ ಮಕ್ಕಳು ಸೇರಿ ಕೊಟ್ಟದ್ದು. ಈಗ ಎಲ್ಲರ ಕಿಸೆಯಲ್ಲೂ ಫೋನಿದೆ, ಸಮಯ ನೋಡೋದಕ್ಕೆ ಗಡಿಯಾರ ಯಾರಿಗೆ ಬೇಕು? ಆದರೂ ಜನ ಬರುತ್ತಲೇ ಇದ್ದರು. ಯಾಕೆ? ಫೋನಿನ ಬೆನ್ನಿಗೆ ಯಾರು ಏನು ಕೆತ್ತಿಸ್ತಾರೆ ಹೇಳಿ!

ಒಬ್ಬ ಹೆಂಗಸು ಗಂಡನ ಗಡಿಯಾರ ತಂದಳು. ಮುಚ್ಚಳದ ಒಳಗಡೆಗೆ ಕೆತ್ತಬೇಕಂತೆ, ಹೊರಗೆ ಕಾಣಬಾರದಂತೆ. ಏನು ಕೆತ್ತಲಿ ಅಂದರೆ, "ಕುಡೀದೆ ಮನೆಗೆ ಬಾ" ಅಂದಳು. ಅಕ್ಕ ಕೆತ್ತಿದರು. ಆ ಗಂಡ ಇಂದಿಗೂ ಅದನ್ನು ಕಟ್ಟಿಕೊಂಡು ಓಡಾಡುತ್ತಾನೆ, ಒಳಗೆ ಏನಿದೆ ಅಂತ ಅವನಿಗೆ ಗೊತ್ತಿಲ್ಲ. ನನಗೆ ಗೊತ್ತು! ಪ್ರತಿ ಸಲ ತೊಳೆಯಲು ಬಿಚ್ಚಿದಾಗ ನನಗೇ ಬೈದ ಹಾಗಾಗುತ್ತದೆ. ಇನ್ನೊಬ್ಬ ಕುರುಬ ಬೆಟ್ಟದ ಮೇಲಿನ ಬೇಸಿಗೆ ಹುಲ್ಲುಗಾವಲಿನಿಂದ ಇಳಿದು ಬಂದು, ತನ್ನ ಹೆಸರಿನ ಪಕ್ಕ ಕುದುರೆಯ ಹೆಸರು ಕೆತ್ತಿಸಿಕೊಂಡು ಹೋದ. ಮುಂದಿನ ವಾರ ಅವನ ಹೆಂಡತಿ ಬಂದಳು ನೋಡಿ — ಬಾಗಿಲಿನಿಂದಲೇ ಶುರು! "ಕುದುರೆ ಹೆಸರು ಕೆತ್ತಿದೀಯಲ್ಲ, ನಾನೇನು ಸತ್ತಿದ್ನಾ?" ಅಕ್ಕ ಸುಮ್ಮನೆ ಗಡಿಯಾರ ಈಸಿಕೊಂಡು, ಕುದುರೆಯ ಕೆಳಗೆ ಜಾಗ ಇದೆ ಅಂತ ತೋರಿಸಿದರು. "ಕುದುರೆಗಿಂತ ಕೆಳಗಾ?!" ಇಡೀ ಸೇವಾಭವನ ನಕ್ಕಿತು. ಕೊನೆಗೆ ಅಂಚಿನ ಸುತ್ತ, ಇಬ್ಬರನ್ನೂ ಬಳಸಿಕೊಂಡ ಹಾಗೆ, ದೊಡ್ಡ ಅಕ್ಷರದಲ್ಲಿ ಆಕೆಯ ಹೆಸರು ಬಂತು. ಹೋಗುವಾಗ ಚೀಲದಿಂದ ಕುರುತ್ ತೆಗೆದು ಕೊಟ್ಟು ಹೋದಳು. ಆ ಮೊಸರುಂಡೆ ಕಲ್ಲಿನಂತೆ ಗಟ್ಟಿ, ಉಪ್ಪು ಬೇರೆ ಜಾಸ್ತಿ, ಆದರೂ ಇಬ್ಬರೂ ವಾರವಿಡೀ ಚೀಪಿದೆವು.

ಅಕ್ಕ ಕೆಲಸ ಮಾಡುವ ಕ್ರಮ ನಿಮಗೆಲ್ಲ ಗೊತ್ತು. ಚೀಟಿ ಕೊಟ್ಟರೆ ಓದಿ ಪಕ್ಕಕ್ಕಿಡುತ್ತಿದ್ದರು. "ಬಾಯಲ್ಲಿ ಹೇಳಿ" ಅನ್ನುತ್ತಿದ್ದರು. ಗಿರಾಕಿ ಹೇಳಬೇಕು, ಆಕೆ ಕೇಳಬೇಕು. ಆಮೇಲೆ ತಲೆ ಬಗ್ಗಿಸಿ, ಉಳಿ ಹಿಡಿದು, ಒಂದೊಂದೇ ಮಾತನ್ನು ತುಟಿಯೊಳಗೇ ಹೇಳಿಕೊಳ್ಳುತ್ತಾ ಕೆತ್ತುವುದು. ಬಾಯಿ ನಡೆದಂತೆ ಕೈ. ನಾನು ಒಮ್ಮೆ ತಮಾಷೆಗೆ, "ಅಕ್ಕ, ಬಾಯಿ ಮುಚ್ಚಿಕೊಂಡು ಕೆತ್ತಿ ನೋಡೋಣ" ಅಂದೆ. ಪ್ರಯತ್ನ ಮಾಡಿದರು. ಉಳಿ ಅಲುಗಲಿಲ್ಲ. "ಬಾಯಿಗೆ ಬರದೆ ಕೈ ಓಡೋದೇ ಇಲ್ಲ ಕಣೋ" ಅಂದರು. ಆಗ ಇಬ್ಬರೂ ನಕ್ಕೆವು. ಅದೇ ಮುಂದೆ ದೊಡ್ಡ ಗಂಡಾಂತರ ತರುತ್ತದೆ ಅಂತ ಯಾರಿಗೆ ಗೊತ್ತಿತ್ತು!

ಆ ಗಂಡಾಂತರದ ಕಥೆ ಹೇಳದೆ ನಾನು ಈ ಮೈಕು ಬಿಡುವುದಿಲ್ಲ. ಹಳಬರಿಗೆ ಗೊತ್ತು. ಹೊಸಬರು ಕೇಳಲಿ.

ಅಕ್ಕನ ಮಾವ, ಅಬ್ದಿಲ್ದಾ ತಾತ — ಬಸ್ ಡಿಪೋದ ಅಬ್ದಿಲ್ದಾ! ಬೆಟ್ಟದ ದಾರಿಯಲ್ಲಿ ಆತ ಬಸ್ಸು ಓಡಿಸಿದರೆ ಒಳಗಿದ್ದವರ ಚಹಾ ತುಳುಕುತ್ತಿರಲಿಲ್ಲ ಅನ್ನುತ್ತಿದ್ದರು. ಮನುಷ್ಯ ಒರಟು. ಮಾತು ಕಡಿಮೆ, ಮೀಸೆ ದೊಡ್ಡದು. ಹೆಂಡತಿ ಬೇಗ ತೀರಿಕೊಂಡಿದ್ದಳು. ಮನೆಗೆ ಬಂದ ಸೊಸೆ ಪೇಟೆಯಲ್ಲಿ ಕೂತು ಊರಿನವರ ಹೆಸರು ಕೆತ್ತೋದು ಆತನಿಗೆ ಇಷ್ಟವಿರಲಿಲ್ಲ. ಒಂದು ಹಬ್ಬದ ದಿನ, ನೆಂಟರೆಲ್ಲ ಸುತ್ತ ಕೂತಿದ್ದಾಗ, ಹಿರಿಯರಿಗೆಂದೇ ಬಡಿಸುವ ಕುರಿಯ ತಲೆ ಮುಂದಿಟ್ಟುಕೊಂಡು ಮಾತು ಕೊಟ್ಟುಬಿಟ್ಟಿದ್ದ. "ನಾನು ಬಸ್ಸು ಓಡಿಸೋವರೆಗೂ ಅವಳೂ ದುಡೀಲಿ. ನಾನು ಮನೆ ಸೇರಿದ ದಿನ ಅವಳೂ ಮನೆ ಸೇರಬೇಕು. ಮುದುಕನಿಗೆ ಚಹಾ ಕಾಯಿಸೋರು ಯಾರು?" ಆತನ ತಮ್ಮ ಬೆಕೇನ್ ಕೂಡಲೇ ಎಲ್ಲರಿಗೂ ಕೇಳುವಂತೆ, "ಮಾತು ಅಂದ್ರೆ ಮಾತು!" ಅಂದ. ಅಷ್ಟು ಜನರ ಮುಂದೆ ಆಡಿದ ಮಾತನ್ನು ನಮ್ಮ ಕಡೆಯ ಹಿರಿಯರು ನುಂಗುವುದುಂಟೇ? ಸತ್ತರೂ ನುಂಗುವುದಿಲ್ಲ.

ಹೀಗಾಗಿ ತಾತ ನಿವೃತ್ತಿಯಾಗುವ ವಸಂತ ಬಂತು, ಅಕ್ಕ ಉಳಿಗಳನ್ನು ಒರೆಸಿ ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಲು ಶುರು ಮಾಡಿದರು. ಅಳಲಿಲ್ಲ. ಅತ್ತಿದ್ದರೆ ನಾನು ಏನಾದರೂ ಹೇಳುತ್ತಿದ್ದೆ. ಸುಮ್ಮನೆ ಸುತ್ತಿಡುತ್ತಿದ್ದರು. ಅದನ್ನು ನೋಡುತ್ತಾ ಕೂರೋದು — ನನ್ನ ಶತ್ರುವಿಗೂ ಬೇಡ.

ಆಗಲೇ ಡಿಪೋದ ಮುಖ್ಯಸ್ಥ ತಾಶ್ತಾನ್ ಬಂದ. ಕೈಯಲ್ಲಿ ಬಂಗಾರದ ನೀರು ಹಾಕಿದ ಹೊಸ ಗಡಿಯಾರ! "ಅನಾರ್‌ಕುಲ್, ಇದು ನಿಮ್ಮ ಮನೆ ಕೆಲಸವೇ ಆಯ್ತಲ್ಲ! ಶನಿವಾರ ಸಂಜೆ ಡಿಪೋ ಕ್ಯಾಂಟೀನಿನಲ್ಲಿ ಔತಣ. ವೇದಿಕೆ ಮೇಲೆ ಕೊಡ್ತೀವಿ. ಕೆತ್ತಬೇಕಾದ್ದು ಇದು" ಅಂತ, ಅಕ್ಕ 'ಬಾಯಲ್ಲಿ ಹೇಳಿ' ಅನ್ನುವ ಮೊದಲೇ ಚೀಟಿ ಇಟ್ಟು ಹೋದ. ಚೀಟಿಯಲ್ಲಿ ಇದ್ದದ್ದು ಇಷ್ಟೇ: ಅಬ್ದಿಲ್ದಾ ಅವರಿಗೆ, ಬಸ್ ಡಿಪೋದ ಎಲ್ಲರಿಂದ.

ಹಿಂದಿನ ಸಾಲಿನ ಹುಡುಗಿಯರೇ, ನಿಮಗಾಗಿ ಹೇಳುತ್ತೇನೆ. ಈಗ ನೀವು ಗಂಡನನ್ನು ಹೆಸರು ಹಿಡಿದು ಬೀದಿಯ ಆಚೆಯಿಂದ ಕೂಗುತ್ತೀರಿ. ಆಗ ಹಾಗಲ್ಲ. ಸೊಸೆಯಾದವಳು ಅತ್ತೆ-ಮಾವನ ಹೆಸರು ಬಾಯಲ್ಲಿ ಹೇಳುವ ಹಾಗಿಲ್ಲ, ಸಾಯುವವರೆಗೂ ಇಲ್ಲ. ಅನಾರ್‌ಕುಲ್ ಅಕ್ಕ ಮಾವನನ್ನು "ನಮ್ಮ ಮನೆಯ ಹಿರಿಯರು" ಅನ್ನುತ್ತಿದ್ದರು. ಇನ್ನೂ ಮಜಾ ಕೇಳಿ — ಕುಬಾತ್ ಅಣ್ಣನ ಅಡ್ಡಹೆಸರು ಅಪ್ಪನ ಹೆಸರೇ ಅಲ್ಲವೇ, ಅಬ್ದಿಲ್ದಾಯೆವ್? ಮದುವೆಯಾದ ಮೇಲೆ ಅಕ್ಕನ ಅಡ್ಡಹೆಸರೂ ಅದೇ. ಕಚೇರಿಯಲ್ಲಿ "ನಿಮ್ಮ ಅಡ್ಡಹೆಸರೇನು?" ಅಂತ ಕೇಳಿದರೆ ತನ್ನ ಹೆಸರು ತಾನೇ ಹೇಳುವ ಹಾಗಿಲ್ಲ! ಗುರುತಿನ ಪತ್ರ ಚಾಚಿ, "ನೀವೇ ಓದಿಕೊಳ್ಳಿ" ಅನ್ನುತ್ತಿದ್ದರು. ಬೇರೆ ಯಾರಾದರೂ ಅಬ್ದಿಲ್ದಾ ಗಡಿಯಾರ ತಂದರೆ ಮೊದಲ ಅಕ್ಷರ ಮಾತ್ರ ಕೆತ್ತಿ, "ದೊಡ್ಡ ಮನುಷ್ಯರಿಗೆಲ್ಲ ಹೀಗೇ ಕೆತ್ತೋದು" ಅಂತ ನಂಬಿಸಿ ಕಳಿಸುತ್ತಿದ್ದರು. ಅವರೂ ಎದೆಯುಬ್ಬಿಸಿಕೊಂಡು ಹೋಗುತ್ತಿದ್ದರು. ಆದರೆ ವೇದಿಕೆಯ ಮೇಲೆ ಓದಿ ಕೊಡುವ ಗಡಿಯಾರಕ್ಕೆ ಆ ಉಪಾಯ ನಡೆಯುತ್ತದೆಯೇ?

ನಾನು ಹೇಳಿದೆ, "ಅಕ್ಕ, ಈ ಕೆಲಸ ಬೇಡ ಅಂದುಬಿಡಿ."

"ಸುಮ್ನಿರು ಯೂನುಸ್" ಅಂದರು. "ಇದು ನನ್ನ ಕೊನೇ ಕೆಲಸ. ಊರಿಗೆಲ್ಲ ಕೆತ್ತಿದೆ, ಮಾವ ಒಂದು ಸಲವೂ ಇಲ್ಲಿಗೆ ಬಂದು ನೋಡಲಿಲ್ಲ. ಸೊಸೆ ಏನು ಮಾಡ್ತಾಳೆ ಅಂತಾನೂ ಕೇಳಲಿಲ್ಲ. ಶನಿವಾರ ನೋಡ್ತಾರಲ್ಲ. ನೋಡ್ಲಿ."

ಶನಿವಾರ ಮಧ್ಯಾಹ್ನದವರೆಗೂ ಅದನ್ನು ಮುಟ್ಟಲಿಲ್ಲ. ಆಮೇಲೆ ಒಮ್ಮೆಲೇ ದೀಪ ಹತ್ತಿರ ಎಳೆದುಕೊಂಡು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರು. ತುಟಿ ಅಲುಗುತ್ತಿತ್ತು, ಉಳಿ ಓಡುತ್ತಿತ್ತು. ಅಬ್ಬಾ, ಆ ಓಟ! ನಾನು ನನ್ನ ಕೆಲಸ ಬಿಟ್ಟು ಗಾಜಿಗೆ ಮೂಗು ಒತ್ತಿಕೊಂಡು ನೋಡಿದೆ. ಅಕ್ಷರಗಳು ಒಂದರ ಹಿಂದೊಂದು, ಹಿಟ್ಟಿನ ಎಳೆ ಎಳೆದ ಹಾಗೆ ನಯವಾಗಿ ಬರುತ್ತಿದ್ದವು. ಮುಗಿಸಿ, ಊದಿ, ಒರೆಸಿ, ಮುಖವೆಲ್ಲ ಅರಳಿಸಿಕೊಂಡು ಕಿಟಕಿಯಲ್ಲಿ ಚಾಚಿದರು. "ಹಾಕು ಮುಚ್ಚಳ. ಇಷ್ಟು ಚೆನ್ನಾಗಿ ನಾನು ಯಾವತ್ತೂ ಕೆತ್ತಿಲ್ಲ."

ನಾನು ಓದಿದೆ. — ಮತ್ತೆ ಓದಿದೆ.

"ಅಕ್ಕಾ! ಹೆಸರೆಲ್ಲಿ?!"

"ಇದೆಯಲ್ಲೋ."

"ಎಲ್ಲಿದೆ? ಎಲ್ಲಿದೆ ತೋರಿಸಿ!"

ನಾನು ಕೂಗಿದ ಜೋರಿಗೆ ಎದುರಿನ ಕ್ಷೌರದಂಗಡಿಯ ಲ್ಯೂಬಾ ಕತ್ತರಿ ಹಿಡಿದುಕೊಂಡೇ ಓಡಿ ಬಂದಳು. ಅವಳ ಹಿಂದೆ ಅರ್ಧ ತಲೆ ಕ್ಷೌರವಾದ ಗಿರಾಕಿ, ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡೇ! ಎಲ್ಲರೂ ಬಗ್ಗಿ ನೋಡಿದೆವು. ಮುಚ್ಚಳದ ಮೇಲೆ, ಮಿರಮಿರ ಮಿನುಗುತ್ತಾ: ನಮ್ಮ ಮನೆಯ ಹಿರಿಯರಿಗೆ, ಬಸ್ ಡಿಪೋದ ಎಲ್ಲರಿಂದ!

ಅಕ್ಕ ಗಾಬರಿಯಾಗಿ ತಮ್ಮ ಕೊರಳಪಟ್ಟಿಯನ್ನೇ ಹಿಡಿದುಕೊಂಡು ನಿಂತುಬಿಟ್ಟರು. ಕಣ್ಣು ಚೀಟಿಯನ್ನು ನೋಡಿತ್ತು, ಬಾಯಿ ತನ್ನ ರೂಢಿಯ ಮಾತು ಹೇಳಿಕೊಂಡಿತ್ತು, ಕೈ ಬಾಯಿಯ ಮಾತು ಕೇಳಿತ್ತು. ಲೋಹದ ಮೇಲಿನದ್ದನ್ನು ಅಳಿಸೋದು ಹೇಗೆ? ಉಜ್ಜಿದರೆ ಬಂಗಾರದ ನೀರು ಹೋಗುತ್ತದೆ. ಔತಣಕ್ಕೆ ಒಂದು ಗಂಟೆಯೂ ಇರಲಿಲ್ಲ.

ನನಗೆ ಹೊಳೆಯಿತು! ಅದೇ ಜಾತಿಯ ಒಂದು ಕೆಟ್ಟ ಗಡಿಯಾರ ನನ್ನ ಹತ್ತಿರ ಬಿದ್ದಿತ್ತು, ಅದರ ಮುಚ್ಚಳ ನುಣ್ಣಗೆ, ಹೊಸದರ ಹಾಗೆ. ಡಬ್ಬ ಡಬ್ಬ ಬೋರಲು ಹಾಕಿ, ಹುಡುಕಿ, ಎತ್ತಿ ಹಿಡಿದು ಕುಣಿದೆ. "ಅಕ್ಕ, ಹೊಸ ಮುಚ್ಚಳ! ಹೆಸರೊಂದು ಕೆತ್ತಿಬಿಡಿ, ಸಾಕು!"

ಅಕ್ಕ ಉಳಿ ಎತ್ತಿದರು. ಬಾಯಿ ತೆರೆದರು. ಮುಚ್ಚಿದರು. ಮತ್ತೆ ತೆರೆದರು.

"ಅಯ್ಯೋ, ಹೇಳಿಬಿಡು ಕಣೇ!" ಲ್ಯೂಬಾ ಕಾಲು ನೆಲಕ್ಕೆ ಬಡಿದಳು. "ಯಾರು ಕೇಳ್ತಾರೆ? ಇಗೋ, ನಾನು ಕಿವಿ ಮುಚ್ಕೋತೀನಿ. ಯೂನುಸ್, ನೀನೂ ಮುಚ್ಕೋ!" ನಾನೂ ಮುಚ್ಚಿಕೊಂಡೆ. ಅರ್ಧ ತಲೆಯ ಗಿರಾಕಿಯೂ ಮುಚ್ಚಿಕೊಂಡ, ಪಾಪ, ಯಾಕೆ ಅಂತ ಅವನಿಗೆ ಗೊತ್ತಿಲ್ಲ! ಹೀಗೆ — ನೋಡಿ, ಹೀಗೆ — ನಾವು ಮೂವರೂ ಕಿವಿ ಮುಚ್ಚಿಕೊಂಡು ಆಕೆಯ ತುಟಿಯನ್ನೇ ನೋಡುತ್ತಾ ನಿಂತೆವು. ಅಕ್ಕನ ಹಣೆಯ ಮೇಲೆ ಬೆವರು ಮೂಡಿತು.

ಆಗಲಿಲ್ಲ. ಉಳಿ ಕೆಳಗಿಟ್ಟರು.

"ನಾನು ಕೆರೆದುಬಿಡ್ತೀನಿ, ಕೊಡಿ" ಅಂದೆ.

"ನಿನ್ನ ಅಕ್ಷರವಾ? ಕೋಳಿ ಕೆದರಿದ ಹಾಗಿರುತ್ತೆ. ನನ್ನ ಕೊನೇ ಕೆಲಸಕ್ಕೆ ನೀನು ಕೈ ಹಾಕಬೇಡ." ಹೊರಗೆ ಡಿಪೋದ ಬಸ್ಸು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿತ್ತು, ಗಡಿಯಾರಕ್ಕಾಗಿ. ಅಕ್ಕ ಒಮ್ಮೆ ಉಸಿರೆಳೆದುಕೊಂಡರು. "ಕೆತ್ತಿದ್ದನ್ನೇ ಹಾಕು ಯೂನುಸ್. ಆದದ್ದಾಗಲಿ. ಹೇಗೂ ಸೋಮವಾರದಿಂದ ನಾನಿರಲ್ಲ. ಬೈಸಿಕೊಂಡೇ ಹೋಗ್ತೀನಿ."

ಕ್ಯಾಂಟೀನು ಕಿಕ್ಕಿರಿದಿತ್ತು. ಎಣ್ಣೆಯಲ್ಲಿ ಕರಿದ ಬೋರ್ಸೊಕ್ ರಾಶಿ, ಕುದುರೆ ಮಾಂಸದ ತಟ್ಟೆಗಳು, ಅಕಾರ್ಡಿಯನ್ ಗಲಾಟೆ. ಅಕ್ಕ ಸೊಸೆಯ ಕೆಲಸಕ್ಕೆ ನಿಂತಿದ್ದರು, ಬಾಗಿಲ ಹತ್ತಿರ ಸಮೋವರ್‌ನಿಂದ ಚಹಾ ಬಗ್ಗಿಸುತ್ತಾ. ತಾಶ್ತಾನ್ ಮೈಕಿನ ಮುಂದೆ ಬಂದ. ತಾತನನ್ನು ಹೊಗಳಿದ, ಬಸ್ಸನ್ನು ಹೊಗಳಿದ, ರಸ್ತೆಯನ್ನೂ ಹೊಗಳಿದ. ಆಮೇಲೆ ಕನ್ನಡಕ ಏರಿಸಿ, ಗಡಿಯಾರ ತಿರುಗಿಸಿ, ದೊಡ್ಡ ದನಿಯಲ್ಲಿ ಓದಿದ. "ನಮ್ಮ ಮನೆಯ ಹಿರಿಯರಿಗೆ —" ನಿಂತ. ಕನ್ನಡಕ ಒರೆಸಿಕೊಂಡ.

ಹಿಂದಿನಿಂದ ಯಾವನೋ ಚಾಲಕ ಕೂಗಿದ. "ಯಾರ ಮನೆಯವರಪ್ಪಾ?"

ನಗು ಅಂದರೆ ನಗು! ಮೇಜು ಬಡಿದುಕೊಂಡು ನಕ್ಕರು. "ಅಬ್ದಿಲ್ದಾ, ನಿನ್ನ ಸೊಸೆಗೆ ನಿನ್ನ ಹೆಸರೇ ಗೊತ್ತಿಲ್ವಲ್ಲೋ!" ಬೆಕೇನ್ ಮುಖ ಕೆಂಪಾಯಿತು. ತಾತ ಎದ್ದ. ನಗು ತಾನಾಗಿ ಇಳಿಯಿತು. ವೇದಿಕೆಗೆ ಹೋಗಿ, ಗಡಿಯಾರ ತೆಗೆದುಕೊಂಡು, ದೀಪದ ಕಡೆ ಹಿಡಿದು ನೋಡಿದ. ಬಹಳ ಹೊತ್ತು ನೋಡಿದ. ಹೆಬ್ಬೆರಳಿನಿಂದ ಅಕ್ಷರಗಳನ್ನು ಮುಟ್ಟಿ ಮುಟ್ಟಿ ನೋಡಿದ. ಅಲ್ಲಿಂದಲೇ ಕೇಳಿದ.

"ಸೊಸೆ! ಇದು ನಿನ್ನ ಕೈಯದಾ?"

"ಹೌದು ಮಾವ."

"ಇವರು ನನ್ನ ಹೆಸರು ಬರೆದು ಕೊಟ್ಟಿರಲಿಲ್ವಾ?"

"ಕೊಟ್ಟಿದ್ರು ಮಾವ."

"ಮತ್ತೆ?"

ಅಕ್ಕ ತಲೆ ಎತ್ತಲಿಲ್ಲ. "ಬಾಯಿಗೆ ಬರಲಿಲ್ಲ. ಬಾಯಿಗೆ ಬರದ್ದು ಕೈಗೂ ಬರಲಿಲ್ಲ."

ತಾತ ಮತ್ತೊಮ್ಮೆ ಗಡಿಯಾರ ನೋಡಿದ. ಆಮೇಲೆ ಸೊಸೆಯ ಕೈ ನೋಡಿದ — ನಾನು ಕಂಡೆ, ಚಹಾದ ಬಟ್ಟಲು ಹಿಡಿದ ಆ ಕೈಯನ್ನೇ ನೋಡಿದ.

"ಹಾಗಾದ್ರೆ ಕೆಲಸ ಮುಗಿದಿಲ್ಲ" ಅಂದ.

"ಇಲ್ಲ ಮಾವ."

"ಕೆಲಸ ಅರ್ಧಕ್ಕೇ ಬಿಟ್ಟು ಮನೇಲಿ ಕೂರೋ ಸೊಸೆ ನನಗೆ ಬೇಡ. ಸೋಮವಾರ ಅಂಗಡಿಗೆ ಹೋಗು. ನನ್ನ ಹೆಸರು ಕೆತ್ತಿ ಮುಗಿಸಿದ ದಿನ ಮನೆಗೆ ಬಂದು ಕೂರು. ಅಲ್ಲೀತನಕ ಕೂರೋ ಹಾಗಿಲ್ಲ!"

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಬೆಕೇನ್‌ಗೆ ಮೊದಲು ಆಯಿತು. ಎದ್ದು ನಿಂತು ಕೈ ಚಾಚಿದ. "ಅಣ್ಣಾ, ಅವಳು ಆ ಹೆಸರನ್ನ ಯಾವ ಕಾಲಕ್ಕೂ ಕೆತ್ತಲ್ವಲ್ಲೋ!"

"ಅದು ಅವಳ ಕಷ್ಟ" ಅಂದ ತಾತ, ಗಡಿಯಾರ ಕಟ್ಟಿಕೊಳ್ಳುತ್ತಾ. "ನಾನು ಕೊಟ್ಟ ಮಾತು ಹಾಗೇ ಇದೆ. ಮಾತು ಅಂದ್ರೆ ಮಾತು."

ಬಂಧುಗಳೇ — ಆ ಕ್ಯಾಂಟೀನಿನ ಮಾಡು ಹಾರಿಹೋಗದೆ ಉಳಿದದ್ದೇ ಆಶ್ಚರ್ಯ! ನಾನು ಬೆಂಚಿನ ಮೇಲೆ ಹತ್ತಿದೆ. ತಾಶ್ತಾನ್ ಮೈಕಿನಲ್ಲೇ ಸಿಳ್ಳೆ ಹಾಕಿದ. ಲ್ಯೂಬಾ ಅಕ್ಕನನ್ನು ತಬ್ಬಿಕೊಂಡು ಗಿರಗಿರ ತಿರುಗಿಸಿದಳು, ಬಟ್ಟಲ ಚಹಾ ಇಬ್ಬರ ಮೇಲೂ ಚೆಲ್ಲಿತು. ಅಕ್ಕ ಮಾತ್ರ ತಲೆ ಬಗ್ಗಿಸಿಕೊಂಡೇ ನಿಂತಿದ್ದರು, ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆ ಅಂದುಕೊಂಡು ಹತ್ತಿರ ಹೋದೆ. ನಗು! ತಡೆಯಲಾರದೆ, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವ ಹಾಗೆ ನಗು. ಮಾವನ ಎದುರು ಜೋರಾಗಿ ನಗುವ ಹಾಗಿಲ್ಲವಲ್ಲ!

ಸೋಮವಾರ ಬಟ್ಟೆ ಬಿಚ್ಚಿ ಉಳಿಗಳನ್ನು ಮತ್ತೆ ಸಾಲಾಗಿ ಜೋಡಿಸಿದರು. ಮಧ್ಯಾಹ್ನ ನೋಡಿದರೆ, ಎತ್ತರದ ಬಿಳಿ ಟೋಪಿ ಹಾಕಿಕೊಂಡು ಬಾಗಿಲಲ್ಲಿ ಅಬ್ದಿಲ್ದಾ ತಾತ! ಎಂದೂ ಕಾಲಿಡದವನು! ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟ.

"ಮುಗೀತಾ?"

ಅಕ್ಕ ಎತ್ತಿ ನೋಡಿದರು, ಒರೆಸಿದರು, ವಾಪಸ್ಸು ಇಟ್ಟರು. "ಇನ್ನೂ ಇಲ್ಲ ಮಾವ."

"ಛೇ, ಎಂಥ ನಿಧಾನದ ಕೈ!" ಅಂದ ಆತ. ಮೂಲೆಯ ಸ್ಟೂಲಿನ ಮೇಲೆ ಕೂತು, ಆಕೆ ಬೇರೆಯವರ ಗಡಿಯಾರ ಕೆತ್ತೋದನ್ನು ನೋಡುತ್ತಾ ಸಂಜೆಯವರೆಗೂ ಇದ್ದ. ಮುಂದಿನ ಸೋಮವಾರ ಮತ್ತೆ ಬಂದ. ಅದರ ಮುಂದಿನ ಸೋಮವಾರವೂ. ಆತ ಬದುಕಿರುವವರೆಗೂ ಬಂದ, ಹಿಮ ಬೀಳಲಿ, ಗಾಳಿ ಬೀಸಲಿ. ಮನೆಯಲ್ಲಿ ಚಹಾ ಕಾಯಿಸುವವರಿಲ್ಲ ಅಂದವನು ತಾನೇ ಚಹಾ ಕಾಯಿಸಿ, ಥರ್ಮಾಸಿನಲ್ಲಿ ತುಂಬಿಕೊಂಡು, ಸೊಸೆಗೂ ತರುತ್ತಿದ್ದ, ನನಗೂ ತರುತ್ತಿದ್ದ. ಚಹಾ ಕೆಟ್ಟದಾಗಿರುತ್ತಿತ್ತು. ದೇವರಾಣೆ, ಬಾಯಿಗೆ ಇಡಲಾಗುತ್ತಿರಲಿಲ್ಲ. ಇಬ್ಬರೂ ಮೆಚ್ಚಿಕೊಂಡು ಕುಡಿಯುತ್ತಿದ್ದೆವು. ಹೊಸ ಗಿರಾಕಿ ಬಂದರೆ ತಾತನೇ ಮುಂದೆ ಬಿದ್ದು, "ಬಾಯಲ್ಲಿ ಹೇಳಪ್ಪಾ, ಬಾಯಲ್ಲಿ! ಚೀಟಿ ನಡೆಯಲ್ಲ ಇಲ್ಲಿ" ಅನ್ನುತ್ತಿದ್ದ.

ಒಮ್ಮೆ ರಾಜಧಾನಿಯಿಂದ ಒಬ್ಬ ಕೆತ್ತನೆಯವನು ನಮ್ಮಲ್ಲಿಗೆ ಬಂದಿದ್ದ. ಕಥೆ ಕೇಳಿ, "ಅದಕ್ಯಾಕೆ ಇಷ್ಟು ಕಷ್ಟ, ನಾನೇ ಕೆತ್ತಿಕೊಡ್ತೀನಿ" ಅಂತ ತಾತನ ಗಡಿಯಾರಕ್ಕೆ ಕೈ ಹಾಕಿದ. ಮಾವ ಒಂದು ಕಡೆಯಿಂದ, ಸೊಸೆ ಇನ್ನೊಂದು ಕಡೆಯಿಂದ — ಒಟ್ಟಿಗೇ ಎಗರಿ ಕಿತ್ತುಕೊಂಡರು! ಪಾಪ, ಅವನಿಗೆ ತಾನು ಮಾಡಿದ ತಪ್ಪೇನು ಅಂತ ಕೊನೆಗೂ ತಿಳಿಯಲಿಲ್ಲ.

ತಾತ ಹಾಸಿಗೆ ಹಿಡಿದಾಗಿನ ಮಾತು ಅಕ್ಕ ನನಗೆ ಬಹಳ ವರ್ಷಗಳ ಮೇಲೆ ಹೇಳಿದರು. ಕೊನೆಯ ದಿನಗಳಲ್ಲಿ ಆತ ಸೊಸೆಯನ್ನು ಹತ್ತಿರ ಕರೆದು, "ಮಗಳೇ, ಸಾಕು. ನಿನಗೆ ಬಿಡುಗಡೆ ಕೊಟ್ಟೆ. ನನ್ನ ಹೆಸರು ಹೇಳು. ಒಂದೇ ಸಲ ಕೇಳ್ತೀನಿ" ಅಂದನಂತೆ.

ಅಕ್ಕ ಹಾಸಿಗೆಯ ಪಕ್ಕ ಮೊಣಕಾಲೂರಿ ಕೂತು ಹೇಳಿದರಂತೆ, "ಹೇಳಿದ್ರೆ ಕೆತ್ತಬೇಕಾಗುತ್ತೆ ಮಾವ. ಕೆತ್ತಿದ್ರೆ ಮನೇಲಿ ಕೂರಬೇಕಾಗುತ್ತೆ."

ಆತ ನಕ್ಕನಂತೆ. ಕೆಮ್ಮು ಬರುವಷ್ಟು ನಕ್ಕನಂತೆ. "ನನ್ನನ್ನೇ ಮೀರಿಸಿದೆಯಲ್ಲೇ" ಅಂದನಂತೆ. ಆಮೇಲೆ ಎರಡೂ ಅಂಗೈ ಎತ್ತಿ ಆಶೀರ್ವಾದ ಮಾಡಿ, ಮುಖ ಸವರಿಕೊಂಡು ಮಲಗಿದನಂತೆ. ಇದನ್ನು ಹೇಳುವಾಗ ಅಕ್ಕ ಉಳಿಗೆ ಸಾಣೆ ಹಿಡಿಯುತ್ತಾ ಇದ್ದರು, ಮುಖ ತಿರುಗಿಸಿಕೊಂಡಿದ್ದರು.

ತಾತ ತೀರಿಕೊಂಡ ನಲವತ್ತನೆಯ ದಿನದ ಊಟ ಮುಗಿದ ಮೇಲೆ ಬೆಕೇನ್ ಬಿಡಲಿಲ್ಲ. "ಈಗಲಾದರೂ ಅಣ್ಣನ ಹೆಸರು ಕೆತ್ತಿ, ಮನೆಯಲ್ಲಿ ಕೂರು" ಅಂದ. ಅಕ್ಕ ಎಷ್ಟು ವಿನಯದಿಂದ ಹೇಳಿದರು ಅಂತೀರಿ! "ಹಿರಿಯರು ಬದುಕಿದ್ದಾಗ ಹೇಳದ ಹೆಸರನ್ನ, ಅವರು ಹೋದ ಮೇಲೆ ಹೇಳಲಾ ಚಿಕ್ಕಮಾವ? ಜನ ಏನಂದುಕೊಂಡಾರು?" ಬೆಕೇನ್ ಒಂದು ಬೋರ್ಸೊಕ್ ಎತ್ತಿಕೊಂಡು ತಿಂದ. ಅಲ್ಲಿಗೆ ಮುಗಿಯಿತು.

ಹೀಗೆ, ಬಂಧುಗಳೇ, ಅನಾರ್‌ಕುಲ್ ಅಕ್ಕ ನಮ್ಮ ಗೂಡಂಗಡಿಯಲ್ಲಿ ಉಳಿದರು. ದೇಶ ಒಡೆಯಿತು, ಉಳಿದರು. ಕರೆಂಟು ಇಲ್ಲದ ಚಳಿಗಾಲ ಬಂತು, ಕೈಗವಸಿನ ಬೆರಳು ಕತ್ತರಿಸಿಕೊಂಡು, ಕಿಟಕಿಯ ಬೆಳಕಿನಲ್ಲಿ ಕೆತ್ತಿದರು. ಕೆತ್ತುವ ಯಂತ್ರ ಬಂತು, ಉಳಿದರು. ಯಂತ್ರಕ್ಕೆ ಚೀಟಿ ಸಾಕು, ಆಕೆಗೆ ನಿಮ್ಮ ಬಾಯಿ ಬೇಕಿತ್ತು. 'ಬಾಯಲ್ಲಿ ಹೇಳಿ' ಅಂದಾಗ ಎಷ್ಟು ಗಂಡಸರು ನಾಚಿಕೊಂಡು, ತೊದಲಿ, ಹೆಂಡತಿಗೆ ಹೇಳಲಾರದ್ದನ್ನು ಆ ಕಿಟಕಿಯಲ್ಲಿ ಹೇಳಿದ್ದಾರೆ ಗೊತ್ತೇ? ನಾನು ಪಕ್ಕದಲ್ಲೇ ಇದ್ದೆ. ನನಗೆ ಕೇಳಿಸುತ್ತಿತ್ತು. ನಿಮ್ಮೆಲ್ಲರ ಗುಟ್ಟು ನನ್ನ ಹತ್ತಿರ ಇದೆ, ಹೆದರಬೇಡಿ!

ಅಕ್ಕ ಕೊನೆಯಲ್ಲಿ ಆಸ್ಪತ್ರೆ ಸೇರಿದಾಗ ನೋಡಲು ಹೋದೆ. ಕೃಶರಾಗಿದ್ದರು, ಕೈ ಮಾತ್ರ ಹಾಗೇ ಇತ್ತು. ಆಕೆಯೇ ನಕ್ಕು ಹೇಳಿದರು. "ಯೂನುಸ್, ನನ್ನ ಜಾಗದಲ್ಲಿ ಸಾಮಾನು ತುಂಬಬೇಡ. ಕೆಲಸ ಬಾಕಿ ಇದೆ ಕಣೋ." ಬಾಗಿಲಾಚೆ ಬಂದು ಗೋಡೆಗೆ ಒರಗಿ ಅತ್ತೆ. ಮಗುವಿನ ಹಾಗೆ ಅತ್ತೆ. ನಿನ್ನೆಯೂ ಚಹಾ ಬಗ್ಗಿಸಿ, ಬಟ್ಟಲು ಹಿಡಿದು, ಕಿಟಕಿಯಲ್ಲಿ ಚಾಚಿದೆ. ತೆಗೆದುಕೊಳ್ಳುವವರಿಲ್ಲ.

ಕುಬಾತ್ ಅಣ್ಣ, ನೀವು ಕೈ ಎತ್ತುತ್ತಿದ್ದೀರಿ, ಕಂಡಿತು. ಮುಗಿಸುತ್ತೇನೆ.

ಇಷ್ಟು ಹೊತ್ತು ನಾನು ಆಕೆಯ ಹೆಸರನ್ನು ಬಾಯಿತುಂಬ ಹೇಳಿದೆ. ಹೊರಗಿನವನು ನಾನು, ನನಗೆ ಹೇಳುವ ಹಾಗಿದೆ. ಇಲ್ಲಿ ಮುಂದೆ ಕೂತಿರುವ ಆಕೆಯ ಸೊಸೆ ಇವತ್ತು ಬೆಳಗಿನಿಂದ ಒಂದು ಸಲವೂ ಆ ಹೆಸರು ಹೇಳಿಲ್ಲ. ನಾನು ಗಮನಿಸುತ್ತಿದ್ದೆ, ಮಗಳೇ. ನಮ್ಮ ನಾಡಿನಲ್ಲಿ ತುಂಬ ದೊಡ್ಡವರ ಹೆಸರನ್ನು ಯಾರೂ ಆಡುವುದಿಲ್ಲ, ಒಳಗೇ ಇಟ್ಟುಕೊಳ್ಳುತ್ತಾರೆ. ಆದ್ದರಿಂದ ಈಗ ನಾವೂ, ಗಂಡಸರು, ಮುದುಕರು, ಮಕ್ಕಳು, ಎಲ್ಲರೂ ಒಂದು ನಿಮಿಷ ಆ ಮನೆಯ ಸೊಸೆಯರಾಗೋಣ. ದಯವಿಟ್ಟು ಏಳಿ. ಟೋಪಿ ಸರಿಮಾಡಿಕೊಳ್ಳಿ, ಕೈ ಕೆಳಗಿಡಿ. ಆಕೆಯ ಹೆಸರು ನಿಮ್ಮ ನಾಲಿಗೆಯ ತುದಿಗೆ ಬರುತ್ತದೆ.

ಹೇಳಬೇಡಿ.